ನಲವತ್ತೆರಡು ಬಿಳಿ ಚಾವಣಿಗಳು

ಒದ್ದೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಅವಳು ಫಟ್ಟೆಂದು ಕೊಡವಿದಳು. ಹಗ್ಗದ ಆಚೆಯಿಂದ ಯಾರೋ "ಅಯ್ಯೋ" ಎಂದರು.

ಕೊಡವುವ ಮೊದಲು ಆಚೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಸಿಟಿ ಬಸ್ಸು ಬಂದು ತಿರುಗಿಕೊಂಡು ಹೋಗುವ ಕೊನೆಯ ನಿಲ್ದಾಣ ಅದು. ಅದರಾಚೆಯ ಬಯಲಿಗೆ ಬೆಳಗ್ಗೆ ಎಂಟಕ್ಕೆ ಬರುವವರು ಯಾರು? ಬಟ್ಟೆ ಒಗೆಯುವ ಹನ್ನೆರಡು ಮನೆಯವರು, ಇಲ್ಲವೇ ಅಡ್ಡದಾರಿ ಹಿಡಿದ ಮುದುಕಿಯರು.

ಅವಳು ಬೆಡ್‌ಶೀಟನ್ನು ಪಕ್ಕಕ್ಕೆ ಸರಿಸಿದಳು.

ಎದುರಿಗೆ ಒಬ್ಬ ಯುವಕ. ಕನ್ನಡಕದ ತುಂಬ ನೀರ ಹನಿ. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ, ಕೈಯಲ್ಲಿ ಅಳತೆಯ ಟೇಪು. ಅವನು ಕನ್ನಡಕ ತೆಗೆದು, ಒರೆಸಲು ಏನೂ ಸಿಗದೆ, ಅವಳು ಈಗಷ್ಟೇ ಹರವಿದ್ದ ಶೀಟಿನ ತುದಿಗೇ ಕೈ ಹಾಕಿದ.

"ಏ... ಆಸ್ಪತ್ರೆದು ಅದು. ಮುಟ್ಟಬೇಡಿ."

"ಕ್ಷಮಿಸಿ." ಬರಿಗಣ್ಣಿನಿಂದ ಅವನು ಅವಳನ್ನು ನೋಡಿದ. ಏನೂ ಸರಿಯಾಗಿ ಕಾಣಿಸದವನ ನೋಟ ಅದು. ಆದರೂ ಅವಳ ಎದೆ ಯಾಕೋ ಝಲ್ಲೆಂದಿತು. "ಇಲ್ಲಿ ಶೆಡ್‌ಗಳು ಎಲ್ಲಿವೆ?"

"ಯಾವ ಶೆಡ್?"

"ನಲವತ್ತೆರಡು. ಬಿಳಿ ತಗಡಿನ ಚಾವಣಿ. ನಕ್ಷೆಯಲ್ಲಿ ಇಲ್ಲೇ ಇವೆ."

ಅವಳು ಬಯಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಹುಲ್ಲು, ಗೂಟ, ಹಗ್ಗ. "ನಿನ್ನೆ ರಾತ್ರಿ ಎದ್ದು ನಡೆದು ಹೋಗಿರಬೇಕು," ಎಂದಳು.

ಅವನು ನಗಲಿಲ್ಲ. ಕಾಗದ ಬಿಚ್ಚಿ ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟ. ಮೇಲಿಂದ ತೆಗೆದ ಚಿತ್ರದ ಮೇಲೆ ಬಣ್ಣ ತುಂಬಿದ ನಕ್ಷೆ. ಬಯಲಿನ ಜಾಗದಲ್ಲಿ ಸಾಲಾಗಿ ನಲವತ್ತೆರಡು ಬಿಳಿ ಚೌಕ. ಸುತ್ತ ನೇರಳೆ ಬಣ್ಣ.

ಅವಳು ಮೊಣಕಾಲೂರಿ ಕೂತು ನೋಡಿದಳು. ಏಳು ಸಾಲು, ಸಾಲಿಗೆ ಆರು.

"ಈ ಚಿತ್ರ ತೆಗೆದದ್ದು ಯಾವತ್ತು?"

"ಮೂರು ತಿಂಗಳ ಹಿಂದೆ, ಒಂದು ಮಂಗಳವಾರ. ಬೆಳಗ್ಗೆ ಹತ್ತೂವರೆಗೆ."

"ಮಂಗಳವಾರ ನಾವು ಡೇರೆ ಬಟ್ಟೆ ಒಣಗಿಸೋ ದಿನ ಸಾರ್. ಮದುವೆಗೆ ಬಾಡಿಗೆ ಕೊಡ್ತಾರಲ್ಲ, ದೊಡ್ಡ ಬಿಳಿ ಬಟ್ಟೆ. ನಾಲ್ಕು ಗೂಟಕ್ಕೆ ಎಳೆದು ಕಟ್ತೀವಿ." ಅವಳು ತಲೆಯೆತ್ತಿದಳು. "ನಮ್ಮ ಬಟ್ಟೇನ ಚಾವಣಿ ಅಂದ್ಕೊಂಡ್ರಾ?"

ಅವನ ಮುಖ ನಿಧಾನಕ್ಕೆ ಕೆಂಪಾಯಿತು. "ಕೆಳಗೆ ನೆರಳಿತ್ತು... ನೆರಳಿದ್ರೆ ಕಟ್ಟಡ ಅಂತ ನಮ್ಮ ನಗರ ಯೋಜನೆ ಕಚೇರಿ ನಿಯಮ."

"ಯಾವ ಪುಣ್ಯಾತ್ಮ ಬರೆದದ್ದು ಈ ನಕ್ಷೇನ?"

"ನಾನೇ."

ಅವಳು ನಕ್ಕುಬಿಡುತ್ತಿದ್ದಳು. ಅಷ್ಟರಲ್ಲಿ ಕೇಳಬೇಕೆನಿಸಿತು. "ನೇರಳೆ ಬಣ್ಣ ಅಂದ್ರೆ ಏನು?"

"ಗೋದಾಮು ವಲಯ." ಅವನ ದನಿ ಇಳಿಯಿತು. "ಇದು ಸರ್ಕಾರಿ ಜಾಗ. ಖಾಲಿ ಬಯಲು ಅಂತ ತೋರಿಸಿದ್ರೆ ಬಯಲಾಗೇ ಉಳಿಯುತ್ತೆ. ಆದ್ರೆ ಇಲ್ಲಿ ಆಗಲೇ ಶೆಡ್ ಇವೆ ಅಂತ ಆಯ್ತಲ್ಲ... ಅವನ್ನ ತೆಗೆಸಿ ಗೋದಾಮು ಕಟ್ಟಿಸೋದು, ಮಧ್ಯದಲ್ಲಿ ಲಾರಿ ಹೋಗೋ ರಸ್ತೆ ಮಾಡೋದು ಅಂತ ಕರಡು ಯೋಜನೆ ಪ್ರಕಟ ಆಗಿಹೋಗಿದೆ."

ಅವಳು ಹಗ್ಗಗಳ ಸಾಲನ್ನೊಮ್ಮೆ ತಿರುಗಿ ನೋಡಿದಳು. ಹನ್ನೆರಡು ಮನೆಯ ಒಲೆ ಉರಿಯುವುದು ಈ ಬಯಲಿನ ಬಿಸಿಲಿನಿಂದ.

"ಮೇಲಿಂದ ನೋಡಿ ಊರು ಕಟ್ತೀರಾ ನೀವು?"

"ಅದಕ್ಕೇ ಕೆಳಗೆ ಬಂದಿದ್ದೀನಿ," ಎಂದ ಅವನು.

ಅವಳು ನಕ್ಷೆಯ ಮೂಲೆಯ ಕಲ್ಲುಗಳನ್ನು ತೆಗೆದು, "ಬನ್ನಿ, ದೊಡ್ಡಮ್ಮನ ಹತ್ತಿರ ಹೇಳಿ," ಎಂದಳು.

*

ದೊಡ್ಡಮ್ಮ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಂದೆತಾಯಿ ಇಲ್ಲದ ಅವಳನ್ನು ಸಾಕಿದವಳು, ಹನ್ನೆರಡು ಮನೆಗೂ ಯಜಮಾನಿ. ಹಲ್ಲುಜ್ಜುವ ಮೊದಲೇ ಆಕಾಶ ನೋಡುವ ಈ ಹುಡುಗಿಗೆ 'ಬಿಸಿಲಮ್ಮ' ಎಂದು ಹೆಸರಿಟ್ಟವಳೂ ಅವಳೇ.

"ತಪ್ಪು ಬರೆದವನು ನೀನೇ ತಾನೆ ಮರಿ? ಅಳಿಸಿಬಿಡು."

"ನನ್ನ ಕೈಲಿಲ್ಲ ದೊಡ್ಡಮ್ಮ. ಪ್ರಕಟ ಆದ ಮೇಲೆ ನಾವು ಒಂದು ಗೆರೆ ಕೂಡ ಮುಟ್ಟೋ ಹಾಗಿಲ್ಲ. ಜಾಗ ಬಳಸೋರು ಯಾರಾದರೂ ಯೋಜನಾ ಮಂಡಳಿಗೆ ಆಕ್ಷೇಪಣೆ ಬರೀಬೇಕು. ಅರವತ್ತು ದಿನದೊಳಗೆ, ರಿಜಿಸ್ಟರ್ ಅಂಚೆಯಲ್ಲೇ ಹಾಕಬೇಕು."

"ಇವಳು ಬರೀತಾಳೆ. ಅಕ್ಷರ ಮುತ್ತಿನ ಹಾಗಿದೆ."

ಅವನು ಎರಡು ಹಾಳೆಯ ನಮೂನೆ ಕೊಟ್ಟ. ಕೊಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮರುದಿನ ಬಂದ. ಅದರ ಮರುದಿನವೂ ಬಂದ. ಬಯಲಿನ ಅಂಚಿನ ಬಡಾವಣೆಯ ಚರಂಡಿ, ದಾರಿ, ಬಸ್ಸಿನ ತಂಗುದಾಣ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ಮತ್ತೊಮ್ಮೆ ನೋಡುತ್ತೇನೆಂದ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು. ಅವಳು ಹಿಡಿದಳು.

"ಮೊದಲ ಮಳೆಗೆ ನೀರು ಎಲ್ಲಿ ನಿಲ್ಲುತ್ತೆ?"

"ಅಲ್ಲಿ ಹುಲ್ಲು ದಟ್ಟವಾಗಿದೆಯಲ್ಲ, ಅಲ್ಲಿ. ನಿಮ್ಮ ಚರಂಡಿ ಎಲ್ಲಿ ಬರುತ್ತೆ?"

"ಅದೋ, ಆ ಕಡೆ."

"ನೀರಿಗೆ ಹೇಳಿದ್ದೀರಾ ಆ ಕಡೆ ಹತ್ತಬೇಕು ಅಂತ?"

ಅವನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ತಡೆಯಲಾರದೆ ನಕ್ಕ. ಹೀಗೆ ಅವಳ ಒಂದೊಂದು ಮಾತೂ ಅವನ ಪುಸ್ತಕಕ್ಕೆ ಇಳಿಯಿತು. ಮುದುಕಿಯರು ಬಸ್ಸಿಳಿದು ಬಯಲ ನಡುವೆಯೇ ಯಾಕೆ ನಡೆಯುತ್ತಾರೆ, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಧೂಳು ತರುತ್ತದೆ, ಶಾಲೆಗೆ ಹೋಗುವ ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ... ತನಗೆ ಇಷ್ಟೆಲ್ಲ ಗೊತ್ತಿದೆ ಎಂದು ಅವಳಿಗೇ ಆವರೆಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿದ್ದರೆ ತಾನೆ?

ಟೇಪು ಸುತ್ತುತ್ತ ಸುತ್ತುತ್ತ ಅವನು ಹತ್ತಿರ ಬರುತ್ತಿದ್ದ. ಇಪ್ಪತ್ತು ಅಡಿ... ಹತ್ತು... ಮೂರು. ಕೊನೆಯ ತುದಿ ಅವಳ ಬೆರಳಿನಿಂದ ಬಿಡುವಾಗ ಪ್ರತಿ ಸಲವೂ ಒಂದು ಕ್ಷಣ ಹೆಚ್ಚೇ ಹಿಡಿಯುತ್ತಿತ್ತು.

"ಅಳೆಯೋಕೆ ಇಬ್ಬರು ಬೇಕು, ಒಪ್ಪಿದೆ," ಎಂದು ದೊಡ್ಡಮ್ಮ ನೀಲಿ ಕಲಕುತ್ತ ಕೂಗಿದಳು. "ಹಾಗೆ ಸುಮ್ಸುಮ್ನೆ ನಗೋಕೂ ಇಬ್ಬರು ಬೇಕಾ?"

*

ಆಕ್ಷೇಪಣೆಯನ್ನು ಅವಳು ಒಂದೇ ಸಂಜೆಗೆ ಬರೆದು ಮುಗಿಸಿದಳು. ಏಳನೇ ಕಾಲಂ ಮಾತ್ರ ಉಳಿಯಿತು. 'ತಪ್ಪಾದ ನಕ್ಷೆಯ ಹಾಳೆಯನ್ನು ತಯಾರಿಸಿದ ನೌಕರರ ಹೆಸರು.' ಯಾವ ಕಾಲಂ ಖಾಲಿ ಬಿಟ್ಟರೂ ಅರ್ಜಿ ತಿರಸ್ಕೃತ ಎಂದು ಕೆಳಗೆ ಅಚ್ಚಾಗಿತ್ತು.

ನಾಳೆ ಬರೆಯೋಣ ಎಂದುಕೊಂಡಳು. ಆ ನಾಳೆಯೇ ಅವನ ಕಚೇರಿಯ ಜೀಪಿನ ಡ್ರೈವರು ನಲ್ಲಿಯಲ್ಲಿ ಮುಖ ತೊಳೆಯುತ್ತ ಬಾಯಿಬಿಟ್ಟ.

"ನಮ್ಮ ಮೇಡಂ ಭಾರಿ ಗಟ್ಟಿ ಕಣಮ್ಮ. ಹೋದ ವರ್ಷ ಒಬ್ಬ ಹುಡುಗ ಕೆರೆಯನ್ನ ಆಟದ ಮೈದಾನ ಅಂತ ಬರೆದುಬಿಟ್ಟಿದ್ದ. ಅವತ್ತೇ ಮನೆಗೆ ಕಳಿಸಿದ್ರು. ಇವನದ್ದೂ ಗುತ್ತಿಗೆ ಕೆಲಸ ತಾನೆ? ಒಂದು ದೂರು ಮೇಲೆ ಹೋದ್ರೆ ಮುಗೀತು ಕಥೆ. ಪಾಪ, ಸಾಲ ಮಾಡಿ ಓದಿದ ಹುಡುಗ."

ಅವಳು ಕಾಗದವನ್ನು ಮಡಚಿ ಕ್ಲಿಪ್ಪಿನ ಚೀಲದೊಳಗೆ ಇಟ್ಟಳು.

ಆ ಹೆಸರನ್ನು ನಾನೇ ಬರೆಯಬೇಕೆ? ನನ್ನ ಈ ಕೈಯಿಂದಲೇ?

ಬರೆಯದಿದ್ದರೆ ಬಯಲು ಹೋಗುತ್ತದೆ. ಬರೆದರೆ ಅವನು ಹೋಗುತ್ತಾನೆ. ಇನ್ನೂ ದಿನ ಇದೆ, ಇನ್ನೂ ದಿನ ಇದೆ ಎಂದು ಅವಳು ತನಗೇ ಹೇಳಿಕೊಂಡಳು. ನಲವತ್ತು ದಿನ ಕಳೆಯಿತು, ನಲವತ್ತೈದೂ ಕಳೆಯಿತು.

"ಕಾಗದ ಹಾಕಿದ್ರಾ?" ಅವನು ದಿನವೂ ಕೇಳುತ್ತಿದ್ದ.

"ಹಾಕ್ತೀನಿ."

"ದಿನ ಆಗ್ತಾ ಇದೆ. ಏನಾದ್ರೂ ತೊಂದರೆಯಾ?"

"ಏನಿಲ್ಲ."

"ನನ್ನ ಮೇಲೆ ಇನ್ನೂ ಕೋಪ ಇದೆ, ಅಲ್ವಾ? ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ."

ನಂಬಿಕೆ ಇಲ್ಲವೆ? ಅವಳ ಕಣ್ಣು ತುಂಬಿಬಂತು. ಕಾರಣ ಹೇಳಿದರೆ ಅವನು ತಾನೇ ಹೆಸರು ಬರೆದುಬಿಡುತ್ತಾನೆ. ಅದು ಅವಳಿಗೆ ಖಂಡಿತ ಗೊತ್ತಿತ್ತು. ಹಾಗಾಗಿ ಬೇರೇನೋ ಹೇಳಬೇಕಾಯಿತು.

"ಕೋಪ ಮಾಡ್ಕೊಳ್ಳೋಕೆ ನೀವೇನು ನನ್ನ ನೆಂಟರಾ? ನಿಮ್ಮ ಕೆಲಸ ಮುಗೀತಲ್ಲ. ಹೋಗಿ."

ಅವನು ಟೇಪನ್ನು ಒಬ್ಬನೇ ಸುತ್ತಿಕೊಂಡು ಹೋದ.

ಹನ್ನೊಂದು ದಿನ ಅವನು ಬರಲಿಲ್ಲ. ಬಿಸಿಲು ಚೆನ್ನಾಗಿಯೇ ಇತ್ತು, ಬಟ್ಟೆ ಗರಿಗರಿಯಾಗಿ ಒಣಗಿತು. ಅವಳು ಮಾತ್ರ ಒಂದೇ ಶೀಟನ್ನು ಮೂರು ಸಲ ಮಡಚಿ ಮೂರು ಸಲ ಬಿಚ್ಚಿದಳು.

*

ಅರವತ್ತನೇ ದಿನ. ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕರ ಸಭೆ. ಗೋಡೆಗೆ ಆ ದೊಡ್ಡ ನಕ್ಷೆ ತೂಗುಹಾಕಿದ್ದರು. ಮುಂದೆ ಮುಖ್ಯ ಯೋಜನಾಧಿಕಾರಿ ಮೇಡಂ, ಪಕ್ಕದಲ್ಲಿ ಅವನು. ಗಡ್ಡ ಬೆಳೆದಿತ್ತು.

ಹನ್ನೆರಡು ಮನೆಯವರೂ ಬಂದು ಕೂತರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೊನೆಯ ಸಾಲಿನಲ್ಲಿ. ಕೇಳಿದಾಗಲೆಲ್ಲ ದೊಡ್ಡಮ್ಮನಿಗೆ "ಹಾಕಿ ಆಯ್ತು" ಎಂದು ಅವಳು ಸುಳ್ಳು ಹೇಳಿದ್ದಳು. ಈಗ ಆ ಸುಳ್ಳು ಎದೆಯ ಮೇಲೆ ಬಂಡೆಯಾಗಿ ಕೂತಿತ್ತು.

ಮೇಡಂ ಒಂದೊಂದೇ ವಲಯ ಓದಿದರು. ನೇರಳೆ ಬಣ್ಣಕ್ಕೆ ಬಂದಾಗ ಅವನು ಎದ್ದು ನಿಂತ.

"ಒಂದು ಮಾತು ಹೇಳಬೇಕು ಮೇಡಂ. ಇಲ್ಲಿ ಶೆಡ್ ಇಲ್ಲ. ಇರಲೂ ಇಲ್ಲ. ಒಣಹಾಕಿದ ಬಟ್ಟೆಯನ್ನ ನಾನು ಚಾವಣಿ ಅಂತ ಬರೆದೆ. ತಪ್ಪು ನನ್ನದು."

ಸಭಾಂಗಣ ಗೊಳ್ಳೆಂದು ನಕ್ಕಿತು. ಅವಳೊಬ್ಬಳು ನಗಲಿಲ್ಲ. ಅಯ್ಯೋ ಹುಚ್ಚ... ಇದನ್ನೇ ಅಲ್ಲವೆ ನಾನು ಇಷ್ಟು ದಿನ ಮುಚ್ಚಿಟ್ಟದ್ದು?

ಮೇಡಂ ನಗು ನಿಲ್ಲುವವರೆಗೆ ಕಾದರು. "ನಿನ್ನ ವಿಷಯ ನಾಳೆ ಮಾತಾಡೋಣ. ಈಗ ಇಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ಮಂಡಳಿಗೆ ಆಕ್ಷೇಪಣೆ ಹೋಗಿದೆಯಾ?"

"ಹೋಗಿದೆ," ದೊಡ್ಡಮ್ಮ ಎದೆಯುಬ್ಬಿಸಿ ಎದ್ದಳು. "ನಮ್ಮ ಹುಡುಗಿ ಎಂದೋ ಹಾಕಿದ್ದಾಳೆ."

ಎಲ್ಲರೂ ಹಿಂದಕ್ಕೆ ತಿರುಗಿದರು. ಅವಳು ಚೀಲ ಹಿಡಿದು ಎದ್ದಳು.

"ಇಲ್ಲ ದೊಡ್ಡಮ್ಮ. ಹಾಕಿಲ್ಲ."

"ಏನಂದೆ?"

"ಬರೆದಿದ್ದೀನಿ. ಇಲ್ಲೇ ಇದೆ. ಏಳನೇ ಕಾಲಮ್ಮಿಗೆ ಒಂದು ಹೆಸರು ಬರೀಬೇಕಿತ್ತು..." ಅವಳು ಯಾರ ಕಡೆಗೂ ನೋಡಲಿಲ್ಲ. "ಆ ಹೆಸರು ಬರೆದ್ರೆ ಅವರ ಕೆಲಸ ಹೋಗುತ್ತೆ ಅಂದ್ರು. ನನ್ನ ಕೈಯಿಂದ ಆಗಲಿಲ್ಲ. ನಿಮ್ಮೆಲ್ಲರಿಗೂ ತಪ್ಪು ಮಾಡಿದೆ."

ಮುಂದೆ ನಿಂತಿದ್ದವನು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

ಮೇಡಂ ಗೋಡೆಯ ಗಡಿಯಾರ ನೋಡಿದರು. ನಾಲ್ಕು ಮೂವತ್ತೈದು.

"ಇವತ್ತಿನ ಮುದ್ರೆ ಬಿದ್ರೆ ಸಾಕು. ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತೆ," ಎಂದರು. ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಹಾಗಿರಲಿಲ್ಲ. "ನನ್ನ ಮುಖ ಏನು ನೋಡ್ತೀರಿ ಇಬ್ಬರೂ? ಜೀಪು ಹೊರಗಿದೆ."

ದೊಡ್ಡಮ್ಮ ಅವಳ ರಟ್ಟೆ ಹಿಡಿದು ಬಾಗಿಲ ಕಡೆಗೆ ತಳ್ಳಿದಳು. "ಮನೆಗೆ ಬಾ, ನಿನಗಿದೆ ಹಬ್ಬ. ಈಗ ಓಡು."

*

ಜೀಪು ಹಳ್ಳದಿಂದ ಹಳ್ಳಕ್ಕೆ ಹಾರುತ್ತ ಓಡಿತು. ಡ್ರೈವರು ಜನ್ಮದಲ್ಲೇ ಮೊದಲ ಬಾರಿ ಬಾಯಿ ಮುಚ್ಚಿಕೊಂಡಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರೂ ಎರಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಅಂಚೆ ಕಚೇರಿಯ ಕಿಟಕಿ ಅರ್ಧ ಇಳಿದಿತ್ತು. ಅವನು ಕೆಳಗೆ ಕೈ ತೂರಿಸಿದ. "ಒಂದೇ ಒಂದು ರಿಜಿಸ್ಟರ್ ಸಾರ್..."

ಗುಮಾಸ್ತರು ಗೊಣಗುತ್ತ ಕಿಟಕಿ ಎತ್ತಿದರು. "ಎಂಟು ನಿಮಿಷ ಇದೆ. ಕೊಡಿ."

ಅವಳು ಕಾಗದ ತೆಗೆದಳು. ಒದ್ದೆ ಕ್ಲಿಪ್ಪುಗಳ ಜೊತೆ ಇದ್ದೂ ಇದ್ದೂ ಅಂಚು ಸುಕ್ಕಾಗಿತ್ತು. ಏಳನೇ ಕಾಲಂ ಖಾಲಿ.

ದಾರ ಕಟ್ಟಿದ ಪೆನ್ನಿಗೆ ಅವನು ಕೈ ಹಾಕಿದ. ಅವಳು ಆ ಕೈ ಹಿಡಿದುಕೊಂಡಳು.

"ಕೆಲಸ ಹೋದ್ರೆ?"

"ಬಟ್ಟೆ ಒಣಹಾಕ್ತೀನಿ."

"ಕ್ಲಿಪ್ ಹಾಕೋಕೂ ಬರಲ್ಲ ನಿಮಗೆ."

"ಕಲಿಸು," ಎಂದ.

ಅಷ್ಟು ದಿನ 'ನೀವು' ಎಂದವನು. ಅವಳು ಕೈ ಸಡಿಲಿಸಿದಳು. ಅವನು ತನ್ನ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದ.

"ನಂಬಿಕೆ ಇಲ್ಲ ಅಂತ ನಾನು ಹನ್ನೊಂದು ದಿನ ಅಂದ್ಕೊಂಡಿದ್ದೆ," ಎಂದ ತಲೆಯೆತ್ತದೆ. "ಇಷ್ಟೊಂದು ಪ್ರೀತಿ ಇಟ್ಕೊಂಡು ಒಂದು ಮಾತು ಹೇಳಬಾರದಿತ್ತಾ?"

"ಯಾರು ಪ್ರೀತಿ ಅಂದದ್ದು?"

"ಸಭೆಯಲ್ಲಿದ್ದ ಇನ್ನೂರು ಜನಕ್ಕೂ ಗೊತ್ತಾಯ್ತು. ನನಗೆ ಮಾತ್ರ ಹೇಳಬೇಡ."

"ಹೇಳ್ತೀನಿ." ಅವಳ ಮುಖ ಕೆಂಪೇರಿತು, ಆದರೆ ಈ ಸಲ ಕಣ್ಣು ತಪ್ಪಿಸಲಿಲ್ಲ. "ನೀವಂದ್ರೆ ನಂಗೆ ಇಷ್ಟ. ಬಯಲಿನಷ್ಟೇ ಇಷ್ಟ. ಎರಡರಲ್ಲಿ ಒಂದನ್ನ ಆರಿಸು ಅಂತ ಆ ಕಾಗದ ಕೇಳ್ತಿತ್ತು. ಅದಕ್ಕೇ ಹಾಕಲಿಲ್ಲ."

ಅವನು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ.

"ಪತ್ರ ಅಂಟಿಸಿ ಮಾತಾಡಿ," ಎಂದರು ಗುಮಾಸ್ತರು. "ಮೂರು ನಿಮಿಷ."

ಅವಳು ಲಕೋಟೆಗೆ ಅಂಟು ಹಚ್ಚಿದಳು. ಅವನು ಬೆರಳಿನಿಂದ ಒತ್ತಿದ. ಒತ್ತುವಾಗ ಮೆಲ್ಲನೆ, "ನಿನ್ನ ಹೆಸರು, ನನ್ನ ಹೆಸರು. ಒಂದೇ ಅರ್ಜಿಯಲ್ಲಿ," ಎಂದ.

"ಇದರಲ್ಲಿ ನಾನು ದೂರು ಕೊಟ್ಟವಳು. ನೀವು ತಪ್ಪು ಮಾಡಿದವರು."

"ಮುಂದಿನ ಅರ್ಜಿಯಲ್ಲಿ ಬೇರೆ ಥರ ಬರೆಯೋಣ."

"ಅದಕ್ಕೂ ಅರವತ್ತು ದಿನ ಟೈಮ್ ಇರುತ್ತಾ?"

"ದೊಡ್ಡಮ್ಮನ್ನ ಕೇಳಬೇಕು," ಎಂದ ಅವನು, ಗಂಭೀರವಾಗಿ.

ಅವಳು ನಗುತ್ತ ಲಕೋಟೆಯನ್ನು ಕಿಟಕಿಯೊಳಗೆ ಕೊಟ್ಟಳು. ಗುಮಾಸ್ತರು ತೂಕ ನೋಡಿದರು, ಚೀಟಿ ಅಂಟಿಸಿದರು, ಮುದ್ರೆ ಎತ್ತಿ ಧಪ್ಪೆಂದು ಒತ್ತಿದರು. ತಾರೀಕು ಸರಿಯಾಗಿ ಮೂಡಿದೆಯೇ ಎಂದು ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಮೂಡಿತ್ತು. ಲಕೋಟೆ ಅಂಚೆ ಚೀಲಕ್ಕೆ ಬಿತ್ತು, ಚೀಲದ ಬಾಯಿ ಬಿಗಿಯಿತು.