ವಿಸ್ತಿನ್‌ನ ಕೊನೆಯ ಮೇಕೆ

"ಇದು ನನ್ನ ಮೇಕೆ!"

ಗಂಜಿಮನೆಯಲ್ಲಿ ಬಡಿಸಲು ಸೌಟು ಹಿಡಿದಿದ್ದ ಜಾನ್ನಾಳ ಕೈ ಗಾಳಿಯಲ್ಲೇ ನಿಂತಿತು.

ಎದುರಿಗಿದ್ದವನು ಮೇಕೆ ಕಾಯುವ ವಿಸ್ತಿನ್. ಕೆಂಪಾದ ಕಣ್ಣು, ಕೈಯಲ್ಲಿ ಖಾಲಿ ತಟ್ಟೆ.

"ನಿನ್ನೆ ನನ್ನ ಹಿಂಡನ್ನೇ ಎಳ್ಕೊಂಡು ಹೋದ್ರು. ಇವತ್ತು ಅದನ್ನೇ ನಂಗೆ ಬಡಿಸ್ತಿದ್ದೀಯಲ್ಲ... ಹೆಂಗೆ ಮನಸ್ಸು ಬರುತ್ತೆ ನಿಂಗೆ?"

"ನಾನೇನು ಕೊಂದೆನಾ?"

"ಬೇಯಿಸಿದೋಳು ನೀನೇ ತಾನೇ!"

ತಟ್ಟೆಯನ್ನು ಅಲ್ಲೇ ಬಿಟ್ಟು ಅವನು ಹೊರಟೇಹೋದ. ಜಾನ್ನಾಳಿಗೆ ಅಳು ಉಕ್ಕಿ ಬಂತು. ಆದರೆ ಸಾಲು ಉದ್ದವಿತ್ತು... ಅಳಲು ಪುರುಸೊತ್ತೆಲ್ಲಿ?

ಅದು ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆ. ಶತ್ರುಗಳು ಮಾಲ್ಟಾ ದ್ವೀಪವನ್ನು ಸುತ್ತುಗಟ್ಟಿದ್ದರು. ಹಡಗು ಬಾರದೆ ಹಿಟ್ಟಿಲ್ಲ, ಎಣ್ಣೆಯಿಲ್ಲ, ಮೇವಿಲ್ಲ. ಸರ್ಕಾರ ಮೇಕೆಗಳನ್ನು ಕೊಯ್ಯಿಸಿ ಊರೂರಿನ ಗಂಜಿಮನೆಗಳಿಗೆ ಕಳಿಸುತ್ತಿತ್ತು. ಜಾನ್ನಾಳ ಅಕ್ಕ ಬಾಂಬಿಗೆ ಬಲಿಯಾಗಿದ್ದಳು. ಅವಳ ಇಬ್ಬರು ಮಕ್ಕಳು, ಕಾಲು ಬಿದ್ದುಹೋದ ಅಮ್ಮ, ಎಲ್ಲರೂ ಜಾನ್ನಾಳ ಈ ದುಡಿಮೆಯನ್ನೇ ನಂಬಿದ್ದರು. ಬಡಿಸಿ ಮುಗಿದ ಮೇಲೆ ಬಾಂಬಿಗೆ ಹೆದರಿ ಸುರಂಗಗಳಲ್ಲಿ ಮಲಗಿದ್ದ ಮುದುಕರಿಗೆ ಊಟ ಹೊರುವವಳೂ ಅವಳೇ.

ವಿಸ್ತಿನ್ ಮತ್ತೆ ಸಾಲಿಗೆ ಬರಲಿಲ್ಲ.

'ಏನು ತಿಂತಿದಾನೋ ಈ ಮಹಾರಾಯ?' ಕೋಪವಿದ್ದರೂ ಮನಸ್ಸು ತಡೆಯಲಿಲ್ಲ. ಒಂದು ಸಂಜೆ ಡಬರಿ ಹಿಡಿದು ಅವನ ದೊಡ್ಡಿಗೆ ಹೋದಳು.

"ಮಾಂಸ ಇಲ್ಲ. ಬರೀ ಕಾಳು, ಟೊಮೆಟೊ. ಸುಮ್ನೆ ತಿನ್ನು!"

ಅವನು ಮಾತಾಡುವ ಮೊದಲೇ ಹಿಂದಿನ ಗುಹೆಯಿಂದ 'ಮೇ...' ಎಂಬ ದನಿ! ಒಳಗೊಂದು ಬಿಳಿ ಮೇಕೆ.

"ಇದರ ಹೆಸರು ಬಾಯ್ಡಾ... ಇದೊಂದನ್ನ ಬಚ್ಚಿಟ್ಟೆ," ಎಂದು ಅವನು ಅದರ ಕತ್ತು ಸವರಿದ. "ಇದರ ಹಾಲು ಸುರಂಗದ ಕೂಸುಗಳಿಗೆ. ಯಾರಿಗೂ ಹೇಳ್ಬೇಡ."

ಅಂದಿನಿಂದ ಜಾನ್ನಾಳ ಅಕ್ಕನ ಕೂಸಿಗೂ ಹಾಲು ಸಿಕ್ಕಿತು. ದಿನಾ ಡಬರಿ ಹೋಗುತ್ತಿತ್ತು, ಚೆಂಬು ಬರುತ್ತಿತ್ತು. ನಡುವೆ ಮಾತು, ನಗು... ಅವಳ ಎದೆಯಲ್ಲಿ ಹೆಸರಿಲ್ಲದ ಏನೋ ಒಂದು!

ಒಂದು ಬೆಳಿಗ್ಗೆ ಅವನು ಗಂಜಿಮನೆಯ ಬಾಗಿಲಿಗೆ ಓಡಿಬಂದ.

"ಬಾಯ್ಡಾನ ಹಿಡ್ಕೊಂಡು ಹೋದ್ರು! ಅದು ಎಲ್ಲಿದೆ ಅಂತ ನಿಂಗೊಬ್ಬಳಿಗೇ ಗೊತ್ತಿತ್ತು, ಜಾನ್ನಾ... ನೀನೊಬ್ಬಳನ್ನೇ ನಂಬಿದ್ದೆ!"

"ವಿಸ್ತಿನ್, ನಾನಲ್ಲ..."

ಅವನು ಆಗಲೇ ತಿರುಗಿ ನಡೆದಿದ್ದ.

ಜೊತೆಯಲ್ಲಿ ಅಡುಗೆ ಮಾಡುವ ರೋಝಿ ನಿಟ್ಟುಸಿರಿಟ್ಟಳು. "ಸೈರನ್‌ಗೆ ಬೆದರಿ ಅದೇ ಅರಚಿಕೊಂಡಿತಂತೆ ಕಣೆ. ಗಸ್ತಿನವರು ಕೇಳಿಸ್ಕೊಂಡ್ರು."

ಅಷ್ಟರಲ್ಲಿ ಹಿತ್ತಲಿಗೆ ಬಾಯ್ಡಾಳನ್ನೇ ಎಳೆದು ತಂದರು. ಜಾನ್ನಾ ಗಂಜಿಮನೆಯ ಅಧಿಕಾರಿಯ ಮುಂದೆ ಹೋಗಿ ನಿಂತಳು.

"ಕೊಯ್ದ್ರೆ ಒಂದು ಹೊತ್ತಿನ ಸಾರು, ಸ್ವಾಮಿ. ಬಿಟ್ರೆ ಸುರಂಗದ ಕೂಸುಗಳು ಬದುಕ್ತವೆ."

"ನಿನ್ನ ಕೆಲಸ ನೀನು ನೋಡಮ್ಮ. ಇಲ್ಲಾಂದ್ರೆ ಕೆಲಸಾನೇ ಇರಲ್ಲ."

ಅಮ್ಮನ ಮುಖ, ಮಕ್ಕಳ ಮುಖ ಕಣ್ಮುಂದೆ ಬಂತು... ಆದರೂ ಸೌಟನ್ನು ಕೆಳಗಿಟ್ಟಳು.

"ಹಾಗಾದ್ರೆ ಬೇಯಿಸೋಕೆ ಬೇರೆಯವರನ್ನ ನೋಡ್ಕೊಳ್ಳಿ!"

"ನನ್ನನ್ನೂ ಲೆಕ್ಕಕ್ಕೆ ಹಿಡೀಬೇಡಿ," ಎಂದು ರೋಝಿ ಏಪ್ರನ್ ಬಿಚ್ಚಿದಳು. ಸಾಲಿನಲ್ಲಿದ್ದ ತಾಯಂದಿರು ಕೂಸುಗಳನ್ನೆತ್ತಿಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದರು. ಅಧಿಕಾರಿ ಅವರನ್ನು ನೋಡಿದ, ಆರುತ್ತಿದ್ದ ಒಲೆಯನ್ನು ನೋಡಿದ...

"ಹಾಲು ಕೂಸುಗಳಿಗೆ ಮಾತ್ರ. ಕರ್ಕೊಂಡು ಹೋಗು!"

ದೊಡ್ಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ವಿಸ್ತಿನ್‌ನ ಹೆಗಲನ್ನು ಬಾಯ್ಡಾಳ ಮೂತಿ ತಿವಿಯಿತು. ಅವನು ಬೆಚ್ಚಿ ಮೇಲೆ ನೋಡಿದ. ಹಗ್ಗ ಹಿಡಿದು ನಿಂತಿದ್ದ ಜಾನ್ನಾಳ ಕಣ್ಣು ತುಂಬಿತ್ತು.

"ನಾನು ಹೇಳಿರಲಿಲ್ಲ," ಎಂದಳು, ಅಷ್ಟೇ.

ವಿಸ್ತಿನ್ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. "ತಪ್ಪಾಯ್ತು... ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನನ್ನ ಬಿಟ್ಟು ಹೋಗ್ಬೇಡ, ಜಾನ್ನಾ. ನನ್ನ ಮದುವೆ ಆಗ್ತೀಯಾ?"

"ನಾನೊಬ್ಬಳೇ ಬರೋಕಾಗಲ್ಲ. ಅಮ್ಮ ಇದಾಳೆ, ಇಬ್ಬರು ಮಕ್ಕಳು..."

"ನಾನು ಹಿಂಡು ಕಾಯೋನು ಕಣೆ! ನೀನೊಬ್ಬಳೇ ಬಂದಿದ್ರೇ ನಂಗೆ ದಿಗಿಲಾಗ್ತಿತ್ತು."

ಅಳುತ್ತಲೇ ಅವಳು ನಕ್ಕಳು. "ಅಮ್ಮ ಗೊಣಗ್ತಾಳೆ, ಈಗಲೇ ಹೇಳಿರ್ತೀನಿ."

"ಬಾಯ್ಡಾಗಿಂತ ಜಾಸ್ತಿನಾ?"

"ಬಂದು ನೀನೇ ಕೇಳಿಸ್ಕೋ, ನಡಿ!"