ಕೊಂಡಿ ಬಿತ್ತಾ?

ಬಲು ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಡಿಕೆನಾಡು ಎಂಬ ರಾಜ್ಯವಿತ್ತು. ಅಲ್ಲಿನ ಬಾಗಿಲುಗಳು ಎಷ್ಟು ಕಿರಿದೆಂದರೆ ರಾಜನೂ ಓರೆಯಾಗಿಯೇ ಅರಮನೆಯೊಳಗೆ ಹೋಗಬೇಕಿತ್ತು. ಕುದುರೆ ಕಟ್ಟಲು ಜಾಗವಿಲ್ಲ, ರಥ ನಿಲ್ಲಿಸಲು ಅಂಗಳವಿಲ್ಲ. ಹಾಗಾಗಿ ರಾಜನಿಂದ ಹಿಡಿದು ಅಗಸನವರೆಗೆ ಎಲ್ಲರೂ ಮಡಚುವ ಸೈಕಲ್ ಇಟ್ಟುಕೊಂಡಿದ್ದರು. ಹೊರಗೆ ಬಂದರೆ ಬಿಚ್ಚು, ಹತ್ತು, ತುಳಿ. ಮನೆ ಬಂದರೆ ಇಳಿ, ಮಡಚು, ಮಂಚದಡಿ ತಳ್ಳು.

ಆ ಸೈಕಲ್ಲಿಗೆ ನಡುವೆ ಕೀಲು, ಕೀಲಿಗೊಂದು ಕೊಂಡಿ. ಕೊಂಡಿ ಹಾಕದೆ ಹತ್ತಿದರೆ ಸೈಕಲ್ಲು ಸವಾರನ ಸಮೇತ ಮಡಚಿಕೊಳ್ಳುತ್ತಿತ್ತು. ಒಮ್ಮೆಯಾದರೂ ಹಾಗೆ ಬೀಳದವರು ಆ ನಾಡಿನಲ್ಲಿರಲಿಲ್ಲ. ಅದಕ್ಕೇ ಒಂದು ಪದ್ಧತಿ. ಹತ್ತುವವರನ್ನು ಪಕ್ಕದವರು ಕೇಳಬೇಕು: "ಕೊಂಡಿ ಬಿತ್ತಾ?" ಅವರು ಬಗ್ಗಿ ಮುಟ್ಟಿ ನೋಡಿ ಹೇಳಬೇಕು: "ಬಿತ್ತು, ನಿಂದು?" ಜಗಳವಾಡಿ ಮಾತು ಬಿಟ್ಟವರೂ ಇದೊಂದನ್ನು ಕೇಳದೆ ಇರುತ್ತಿರಲಿಲ್ಲ.

ಕಮ್ಮಾರರ ಮಗಳು ದೇವೀರಿಯ ಸೈಕಲ್ಲೇ ಬೇರೆ. ಎಲ್ಲರದೂ ಎರಡು ಮಡಿಕೆಯಾದರೆ ಅವಳದು ಮೂರು. ಕೀಲುಗಳನ್ನು ತಾನೇ ಬಡಿದು ಕೂರಿಸಿದ್ದಳು. ಮಡಚಿದರೆ ಬುತ್ತಿಗಂಟಿನಷ್ಟಾಗುತ್ತಿತ್ತು. "ಇನ್ನೊಂದು ಮಡಿಕೆ ಹಾಕು ತಾಯಿ, ಎಲೆಯಡಿಕೆ ಚೀಲದಲ್ಲೇ ಇಟ್ಕೋಬಹುದು" ಎಂದು ಜೊತೆಯ ಸವಾರರು ರೇಗಿಸುತ್ತಿದ್ದರು.

ಒಂದು ಬೆಳಗ್ಗೆ ದೇವೀರಿಯೂ ಅವಳ ಜೊತೆಗಾರರೂ ನೇರಳೆಹಣ್ಣಿಗೆಂದು ಗಡಿಯಾಚೆ ಸವಾರಿ ಹೋಗಿದ್ದರು. ತಿರುಗಿ ಬಂದು ನೋಡಿದರೆ ನಾಡಿಗೆ ನಾಡೇ ಸೆಟೆದು ನಿಂತಿತ್ತು. ಸೆಟೆಬೆನ್ನನೆಂಬ ಮಾಂತ್ರಿಕ, ಇಲ್ಲಿ ಯಾವುದೂ ಮಡಚದಿರಲಿ ಎಂದು ಶಾಪ ಹಾಕಿದ್ದ. ಚಾಪೆ ಸುತ್ತಿಕೊಳ್ಳದು. ದೋಸೆ ಮಡಚದು. ರಾಜನನ್ನು ಹಲಗೆಯ ಹಾಗೆ ಸಿಂಹಾಸನಕ್ಕೆ ಒರಗಿಸಿದ್ದರು. ದೇವೀರಿಗೆ ನಗು ಬಂತು. ಮನೆಗೆ ಹೋದ ಮೇಲೆ ಅಳು ಬಂತು.

ಅವಳ ಅಕ್ಕ ಕೆಂಚಮ್ಮ ಹನ್ನೊಂದು ದಿನದ ಬಾಣಂತಿ. ಎರಡು ಕೈಯೂ ಒನಕೆಯಂತೆ ನೆಟ್ಟಗೆ ನಿಂತಿದ್ದವು. ಕೂಸು ತೊಟ್ಟಿಲಲ್ಲಿ ಕಿರುಚುತ್ತಿತ್ತು.

"ಎತ್ಕೊಳ್ಳೋಕೆ ಆಗ್ತಿಲ್ಲ ಕಣೇ" ಎಂದಳು ಕೆಂಚಮ್ಮ. "ಹೊತ್ತು ಮುಳುಗಿದ್ರೆ ಇನ್ನು ಯಾವತ್ತೂ ಆಗಲ್ವಂತೆ. ಡಂಗುರ ಸಾರಿಸಿದಾನೆ."

ದೇವೀರಿ ಕೂಸನ್ನು ಅಕ್ಕನ ಎದೆಗೆ ಹಿಡಿದಳು. ಅದು ಹಾಲು ಕುಡಿಯಿತು, ಆದರೆ ತಬ್ಬುವ ಕೈಗಾಗಿ ಹುಡುಕಾಡಿತು.

ಸೆಟೆಬೆನ್ನನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲೇನೂ ಇರಲಿಲ್ಲ. ಅವನ ಮಾಯೆಯೆಲ್ಲ ಹುಟ್ಟಿದಾಗಿನಿಂದ ಬಗ್ಗದ ಅವನ ಬೆನ್ನಿನಲ್ಲಿತ್ತು. ಬೆನ್ನು ಬಗ್ಗಿದರೆ ಮಾಯೆ ಮುಗಿಯಿತು. ಇದು ಊರಿಗೆಲ್ಲ ಗೊತ್ತು, ಬಗ್ಗಿಸುವವರು ಮಾತ್ರ ಇರಲಿಲ್ಲ. ಶಾಪ ಬಿದ್ದಾಗ ಊರಾಚೆ ಇದ್ದ ಸವಾರರೂ ಅವರ ಸೈಕಲ್ಲುಗಳೂ ಇನ್ನೂ ಮಡಚುತ್ತಿದ್ದರು. ಆದರೆ ಮಾಂತ್ರಿಕನ ಕೋಟೆಗೆ ಬಂಡೆಬಿರುಕಿನಲ್ಲೇ ಹೋಗಬೇಕು. ಅದರಲ್ಲಿ ತೂರುವುದು ಮೂರು ಮಡಿಕೆಯದೊಂದೇ.

"ನಾನು ಹೋಗ್ತೀನಿ" ಎಂದಳು ದೇವೀರಿ.

ಜೊತೆಯ ಸವಾರರಲ್ಲಿ ಹಾಸಿಗೆ ಹೊಲಿಯುವ ಹುಸೇನಪ್ಪ ಅವಳ ಸೀಟಿಗೆ ಹತ್ತಿ ತುಂಬಿ, ತನ್ನ ಎತ್ತರದ ಹ್ಯಾಂಡಲ್ ಬಿಚ್ಚಿ ಕೂರಿಸಿದ. "ದೂರದ ದಾರಿ ಮಗಾ, ನೆಟ್ಟಗೆ ಕೂತು ಹೋಗು" ಎಂದ. ಮೊಸರು ಮಾರುವ ಗುಂಡಕ್ಕ ತನ್ನ ಹಸುವಿನ ಗಂಟೆ ಕಟ್ಟಿ, ಹೊದೆಯಲು ಕಂಬಳಿ ಕೊಟ್ಟಳು. ಎಲ್ಲರೂ ಒಟ್ಟಿಗೆ ಕೇಳಿದರು, "ಕೊಂಡಿ ಬಿತ್ತಾ?"

"ಬಿತ್ತು" ಎಂದು ಹೊರಟಳು.

ಮೊದಲು ಬಂಡೆಬಿರುಕು ಬಂತು. ದೇವೀರಿ ಇಳಿದಳು, ಮಡಚಿದಳು, ಬಗಲಲ್ಲಿ ಇಟ್ಟುಕೊಂಡು ತೂರಿದಳು. ಆಚೆ ಕೇಳುವವರಿಲ್ಲದ್ದಕ್ಕೆ ತನ್ನನ್ನೇ ಕೇಳಿಕೊಂಡು ಹತ್ತಿದಳು.

ಆಮೇಲೆ ಗಾಲಿಯಿರುವುದನ್ನೆಲ್ಲ ನುಂಗುವ ಹುಲಿ ಬಂತು. ದೂರದಿಂದಲೇ ಅದನ್ನು ಕಂಡು ದೇವೀರಿ ಇಳಿದಳು, ಮಡಚಿದಳು, ಕಂಬಳಿಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡಳು.

"ಏನದು?" ಎಂದಿತು ಹುಲಿ.

"ಬುತ್ತಿಗಂಟು."

ಅಷ್ಟರಲ್ಲಿ ಒಳಗೆ ಗುಂಡಕ್ಕನ ಗಂಟೆ ಠಣ್ ಎಂದಿತು. "ಬುತ್ತಿಗೆ ಗಂಟೆ ಯಾಕೆ?"

"ಊಟದ ಹೊತ್ತಾಯ್ತು ಅಂತ ಹೇಳೋಕೆ."

ಹುಲಿಗೆ ಮಾತು ಸರಿಯೆನಿಸಿತು. ದಾರಿ ಬಿಟ್ಟಿತು.

ಕೋಟೆಯ ಮುಂದೆ ಸೆಟೆಬೆನ್ನ ಕಂಬದಂತೆ ನಿಂತಿದ್ದ. ದೇವೀರಿ ಕಂಬಳಿ ಗಂಟು ಬಿಚ್ಚಿದಾಗ ಅವನ ಕಣ್ಣು ಎತ್ತರದ ಹ್ಯಾಂಡಲ್ ಮೇಲೆ ಬಿತ್ತು. ಬೆನ್ನು ಬಗ್ಗಿಸದೆ ಸವಾರಿ ಮಾಡುವ ವಾಹನವನ್ನು ಅವನು ಕಂಡೇ ಇರಲಿಲ್ಲ. ದೇವೀರಿ ಸೈಕಲ್ ಬಿಚ್ಚಿ ನಿಲ್ಲಿಸಿದ್ದೇ ತಡ, ಕೊಂಡಿ ಹಾಕುವ ಮೊದಲೇ ಕಿತ್ತುಕೊಂಡ.

ಸುಮ್ಮನಿದ್ದರೆ ಬೀಳುತ್ತಾನೆ, ಅಕ್ಕನ ಕೈ ಮತ್ತೆ ಮಡಚುತ್ತದೆ. ದೇವೀರಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಕೇಳದೆ ಇರಲು ನಾಲಿಗೆ ಒಪ್ಪಲಿಲ್ಲ.

"ಕೊಂಡಿ ಬಿತ್ತಾ?"

"ನನ್ನನ್ನು ಕೇಳೋಕೆ ನೀನ್ಯಾರು?"

"ಕೊಂಡಿ ಬಿತ್ತಾ, ಸ್ವಾಮಿ?"

"ಅದನ್ನು ನೋಡೋಕೆ ಬಗ್ಗಬೇಕು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ನಾನು ಬಗ್ಗೋನಲ್ಲ."

ಮೂರನೆಯ ಸಲ ಕೇಳಿದಾಗ ಅವನು ಹತ್ತಿ ತುಳಿದೇಬಿಟ್ಟ. ಇಳಿಜಾರಿನಲ್ಲಿ ಕೀಲು ಕುಸಿಯಿತು. ಸೈಕಲ್ ಮಡಚಿತು, ಒಂದು, ಎರಡು, ಮೂರು. ಜೊತೆಗೆ ಸೆಟೆಬೆನ್ನನೂ ಮಡಚಿದ. ಕೊಂಡಿ ನೋಡಲು ಬಗ್ಗಿದ್ದರೂ ಅವನ ಮಾಯೆ ಹೋಗುತ್ತಿತ್ತು. ಬಗ್ಗದೆ ಬಿದ್ದದ್ದಕ್ಕೆ ಸೊಂಟನೋವು ಲಾಭವಾಯಿತು.

ಅವನು ನರಳುತ್ತಾ ಕೂತಿದ್ದುದನ್ನು ನೋಡಿ ದೇವೀರಿಗೆ ಪಾಪ ಎನಿಸಿತು. ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು. ಹೊರಡುವಾಗ ಹಿಂದಿನಿಂದ ಸಣ್ಣ ದನಿ ಕೇಳಿತು. "ಕೊಂಡಿ ಬಿತ್ತಾ, ತಾಯಿ?"

"ಬಿತ್ತು" ಎಂದು ನಕ್ಕಳು ದೇವೀರಿ.

ಮಾಯೆ ಹೋದದ್ದೇ ಹುಲಿ ಕಾಡಿಗೆ ಹೋಯಿತು, ಬಿರುಕು ಹೆದ್ದಾರಿಯಾಯಿತು. ಗಡಿಯಲ್ಲಿ ಸವಾರರೆಲ್ಲ ಬೆಲ್ ಬಾರಿಸುತ್ತಾ ಎದುರುಗೊಂಡರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅಂತಾರೆ. ಇಲ್ಲೊಂದು ಬಗ್ಗಿದೆ ನೋಡ್ರಪ್ಪ" ಎಂದ ಹುಸೇನಪ್ಪ. ಊರಲ್ಲಿ ದೋಸೆ ಮಡಚಿತು, ಚಾಪೆ ಸುತ್ತಿಕೊಂಡಿತು, ರಾಜ ಕೊನೆಗೂ ಕೂತ.

ದೇವೀರಿ ಓಡಿ ಹೋಗಿ ಕೂಸನ್ನು ಅಕ್ಕನ ಕೈಗಿಟ್ಟಳು. ಕೆಂಚಮ್ಮನ ಮೊಣಕೈ ಮಡಚಿತು. ಕೂಸನ್ನು ಬಳಸಿ ಬೆರಳಿಗೆ ಬೆರಳು ಹೆಣೆದಳು.

"ಕೊಂಡಿ ಬಿತ್ತಾ, ಅಕ್ಕ?"

"ಬಿತ್ತು ಕಣೇ" ಎಂದು ಕೆಂಚಮ್ಮ ಕಣ್ಣೊರೆಸಿಕೊಳ್ಳಲೂ ಕೈ ಬಿಡಲಿಲ್ಲ. ಮಡಿಕೆನಾಡಿನವರು ಅಂದಿನಿಂದ ಬೇಕಾದಾಗ ಮಡಚಿ, ಬೇಕಾದಾಗ ಬಿಚ್ಚಿ ಸುಖವಾಗಿ ಬಾಳಿದರು.