ಅಡಿವೆವ್ವನ ಹಾಡು ಉಳಿದ ಜಾಗ

ಓದುಗರೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದು ಸಂಜೆ ಕ್ಲಾಸಿನಲ್ಲಿ ಕಲಿತಷ್ಟೇ. ಪ್ರೀತಿಯ ಬಗ್ಗೆ ಅದಕ್ಕಿಂತ ಕಡಿಮೆ. ಎರಡೂ ಕೂಡಿದ ಕಥೆಯನ್ನು ಹೇಳಲು ಹೊರಟಿದ್ದೇನೆ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಹಾಡು ಎಲ್ಲೆ ಹೋದ್ವರಿ?"

ಶಿಗ್ಗಾಂವಿಯ ಮೈಕ್‌ಸೆಟ್ ಅಂಗಡಿಯ ಮೇಲಿನ ಕೋಣೆಗೆ ಅವನು ಕಾಲಿಟ್ಟೊಡನೆ ದೀಪ್ತಿ ಕೇಳಿದ ಮೊದಲ ಮಾತು ಅದು. ಅವಳ ಕಣ್ಣು ಕೆಂಪಾಗಿತ್ತು.

ಅವನು ಕೌಸ್ತುಭ. ರಟ್ಟೀಹಳ್ಳಿಯ ಮನೆಯಿಂದಲೇ ಸರ್ವರ್ ನೋಡಿಕೊಳ್ಳುವವನು. ಇಷ್ಟು ದಿನ ಅವಳಿಗೆ ಅವನು ಬರೀ ಮೆಸೇಜಿನಲ್ಲಿ ಬರುವ ಹೆಸರು. ಇಂದು ಎದುರಿಗೆ ನಿಂತಿದ್ದಾನೆ, ಬಸ್ಸಿನ ಧೂಳು ಸಮೇತ.

ಅಂಗಡಿ ಗುದ್ಲೆಪ್ಪನದು. ಮದುವೆಗಳಿಗೆ ಮೈಕ್ ಬಾಡಿಗೆಗೆ ಕೊಡುವ ಅವನಿಗೆ, ಸೋಬಾನದ ಹಾಡುಗಳನ್ನು ಫೋನಿನಲ್ಲಿ ಕೇಳಿಸುವ ಆ್ಯಪ್ ಮಾಡುವ ಆಸೆ ಹುಟ್ಟಿತ್ತು. ಆ್ಯಪಿನ ಸಾಲುಗಳನ್ನು ಬರೆಯುತ್ತಿದ್ದ ಸವಣೂರಿನ ದೀಪ್ತಿಯೇ ದುಂಡಸಿಗೆ ಓಡಾಡಿ, ಅಡಿವೆವ್ವನೆಂಬ ಅಜ್ಜಿಯ ಹಾಡುಗಳನ್ನು ರೆಕಾರ್ಡ್ ಮಾಡಿ ಸರ್ವರಿಗೆ ಏರಿಸಿದ್ದಳು. ಫೋನಿನಲ್ಲಿ ಜಾಗ ಸಾಲದೆಂದು ಏರಿಸಿದ್ದನ್ನೆಲ್ಲ ಅಳಿಸುತ್ತ ಬಂದಿದ್ದಳು. ಬೆಳಿಗ್ಗೆ ಕೌಸ್ತುಭ ಏನೋ ಅಪ್‌ಡೇಟ್ ಹಾಕಿ ಎಲ್ಲ ನಿಲ್ಲಿಸಿ ಮತ್ತೆ ಚಾಲೂ ಮಾಡಿದ. ಹಾಡುಗಳ ಫೋಲ್ಡರ್ ಖಾಲಿ!

ಕೌಸ್ತುಭ ಮೆಲ್ಲಗೆ ವಿವರಿಸಿದ. ಸರ್ವರಿನಲ್ಲಿ ಆ್ಯಪ್ ಓಡುವುದು ಕಂಟೇನರ್ ಎಂಬ ಡಬ್ಬಿಯೊಳಗೆ. ಉಳಿಯಬೇಕಾದ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಜೋಡಿಸಬೇಕು, ಅದಕ್ಕೆ ಮೌಂಟ್ ಮಾಡುವುದು ಅನ್ನುತ್ತಾರೆ. ಹಾಡಿನ ಫೋಲ್ಡರ್ ಮಾತ್ರ ಡಿಸ್ಕಿನ ಮೇಲೆ ಇರಲಿಲ್ಲ, ಮೆಮೊರಿಯಲ್ಲಿನ ತಾತ್ಕಾಲಿಕ ಜಾಗದಲ್ಲಿತ್ತು. ಡಬ್ಬಿ ನಿಂತಿತು, ಜಾಗವೂ ಹೋಯಿತು.

ಮೆಟ್ಟಿಲೇರಿ ಬಂದ ಗುದ್ಲೆಪ್ಪ ಇದು ಯಾರ ಕೆಲಸ ಎಂದು ಕೇಳಿದ. ತಪ್ಪು ಮಾಡಿದವರು ಮನೆಗೆ ಹೋಗಬಹುದು ಎಂದೂ ಸೇರಿಸಿದ.

ಕೌಸ್ತುಭ ಒಂದು ಕ್ಷಣ ದೀಪ್ತಿಯ ಮುಖ ನೋಡಿದ.

"ನಂದರಿ," ಅಂದ.

*ಎಷ್ಟು ಸಲೀಸಾಗಿ ಹೇಳ್ತಾನ... ಅಜ್ಜಿ ದನಿ ಹೋತಲ್ಲ ಅನ್ನೋ ಸಂಕಟನೂ ಇಲ್ಲೇನು ಇವಗ?* ದೀಪ್ತಿಗೆ ಮೈಯೆಲ್ಲ ಉರಿಯಿತು.

ಭಾನುವಾರದೊಳಗೆ ಹಾಡು ಮರಳಿ ಬಂದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಹೇಳಿ ಗುದ್ಲೆಪ್ಪ ಇಬ್ಬರನ್ನೂ ದುಂಡಸಿಯ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಅವಳು ಕಿಟಕಿ ಬಿಟ್ಟು ಬೇರೆಡೆ ನೋಡಲಿಲ್ಲ.

ಅಡಿವೆವ್ವ ಸುದ್ದಿ ಕೇಳಿ ನಕ್ಕಳು.

"ನಿಮ್ಮ ಡಬ್ಬ್ಯಾಗಿಂದು ಹೋಗೇತಿ, ನನ್ನ ಬಾಯಾಗಿಂದು ಎಲ್ಲಿ ಹೋಗತೈತಿ ತಗೀ."

ಆದರೆ ಒಂದು ತೊಡಕಿತ್ತು. ಸೋಬಾನವನ್ನು ಒಬ್ಬರೇ ಹಾಡುವಂತಿಲ್ಲ, ಹಿಂದೆ ದನಿಗೂಡಿಸಿ ಸೊಲ್ಲು ಹಿಡಿಯುವವರು ಬೇಕು. ಜೊತೆಗೆ ಹಾಡುತ್ತಿದ್ದ ಲಾಲಬಿ ಮಗಳ ಬಾಣಂತನಕ್ಕೆ ತಡಸಕ್ಕೆ ಹೋಗಿದ್ದಳು. ಅಜ್ಜಿ ಇಬ್ಬರನ್ನೂ ಚಾಪೆಯ ಮೇಲೆ ಕೂಡಿಸಿದಳು. ಕೌಸ್ತುಭ ತನಗೆ ರಾಗ ಬರುವುದಿಲ್ಲ ಎಂದು ಗೋಗರೆದ. ಎಮ್ಮೆಗೂ ಬರುವುದಿಲ್ಲ, ಆದರೂ ಕರೆದರೆ ಓಗೊಡುತ್ತದೆ ಎಂದಳು ಅಡಿವೆವ್ವ.

ಅವನ ದನಿ ಎತ್ತಲೋ ಹೊರಳಿ ಒಡೆದಾಗ ದೀಪ್ತಿಗೆ ನಗು ತಡೆಯಲಾಗಲಿಲ್ಲ. ಸಿಟ್ಟಿನಲ್ಲಿದ್ದೂ ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಈ ಸಲ ರೆಕಾರ್ಡ್ ಮಾಡಿದ ಒಂದನ್ನೂ ಫೋನಿನಿಂದ ಅಳಿಸಲಿಲ್ಲ.

ಕೊನೆಯ ಹಾಡಿಗೆ ಮದುಮಕ್ಕಳ ಹೆಸರು ಬೇಕು. ಅಡಿವೆವ್ವ ಯಾರನ್ನೂ ಕೇಳಲಿಲ್ಲ.

"ಸವಣೂರ ಎಲಿಯಂಥ ಹಸರ ಸೀರಿಯ ದೀಪ್ತಿ, ಕೈಯ ಹಿಡಿಯಾಕ ಬಂದಾನ ಕೌಸ್ತುಭರಾಯ... ಸೋಬಾನವೇ..."

ಸೊಲ್ಲು ಹಿಡಿಯಬೇಕಾದವರು ಇಬ್ಬರೂ ಚಾಪೆಯ ಕಡ್ಡಿ ಕೀಳುತ್ತ ಕುಳಿತರು.

ಮರುದಿನ ದೀಪ್ತಿ, ಹಾಡುಗಳನ್ನು ಏರಿಸುವ ಮೊದಲು ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಸದಾಗಿ ಜೋಡಿಸಿ ಪರೀಕ್ಷಿಸಿದಳು. ಡಬ್ಬಿ ನಿಲ್ಲಿಸಿದಳು, ಮತ್ತೆ ಚಾಲೂ ಮಾಡಿದಳು.

ಫೋಲ್ಡರ್ ಖಾಲಿ.

ತಾನು ಬರೆದ ಸಾಲುಗಳನ್ನು ಒಂದೊಂದಾಗಿ ನೋಡಿದಳು. ಅವಳು ಕಲಿತ ಸಂಜೆ ಕ್ಲಾಸಿನ ಹಳೆಯ ಕಂಪ್ಯೂಟರುಗಳ ಡಿಸ್ಕುಗಳು ಸಾಯುವ ಹಂತದಲ್ಲಿದ್ದವು. ಡಿಸ್ಕಿಗೆ ಏನನ್ನೂ ಬರೆಯಬೇಡಿ, ಎಲ್ಲ ಮೆಮೊರಿಯಲ್ಲೇ ಇಡಿ ಎಂದು ಮಾಸ್ತರರು ಕಲಿಸಿದ್ದರು. ಆ ರೂಢಿ ಅವಳ ಬೆರಳಿಗೆ ಅಂಟಿಕೊಂಡಿತ್ತು. ಮೊದಲ ಸಲವೂ ಹಾಡಿನ ಫೋಲ್ಡರನ್ನು ಮೆಮೊರಿಯಲ್ಲಿಡುವ ಆ ಸಾಲು ಬರೆದವಳು ತಾನೇ!

*ಅವಗ ಗೊತ್ತಿತ್ತು... ಮೊದಲನೇ ದಿನಾನ ಗೊತ್ತಿತ್ತು.*

ಸಾಲನ್ನು ತಿದ್ದಿ, ಫೋಲ್ಡರನ್ನು ಡಿಸ್ಕಿಗೆ ಮೌಂಟ್ ಮಾಡಿ, ಅವಳು ನೇರ ಗುದ್ಲೆಪ್ಪನ ಬಳಿ ಹೋದಳು. ತಪ್ಪು ತನ್ನದು, ಹೋಗಬೇಕಾದವಳು ತಾನು ಎಂದಳು. ಹಿಂದೆಯೇ ಓಡಿಬಂದ ಕೌಸ್ತುಭ ಅಲ್ಲ, ತನ್ನದು ಎಂದ. ಗುದ್ಲೆಪ್ಪ ಸ್ಪೀಕರಿಗೆ ವೈರು ಸುತ್ತುವುದನ್ನು ನಿಲ್ಲಿಸಿದ.

"ನನ್ನ ಮನ್ಯಾಗ ನೋಡ್ರಿ, ಇಪ್ಪತ್ತು ವರ್ಷಾತು, ತಪ್ಪು ನಂದು ಅಂತ ಒಬ್ಬರೂ ಅಂದಿಲ್ಲ. ನೀವು ಜಗ್ಗಾಡಾಕತ್ತೀರಿ! ಹೋಗ್ರಿ ಮ್ಯಾಲ, ಕೆಲಸ ನೋಡ್ರಿ."

ಮೇಲೆ ಹೋದ ಮೇಲೆ ದೀಪ್ತಿಯೇ ಮಾತು ತೆಗೆದಳು.

"ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?"

"ನೀವು ಬರದದ್ದನ್ನ ನೋಡದ ಚಾಲೂ ಮಾಡಿದಾಂವ ನಾನು. ಅರ್ಧ ನಂದ ಅದ."

"ಉಳದ ಅರ್ಧ?"

ಕೌಸ್ತುಭ ತಲೆ ತಗ್ಗಿಸಿದ. ಹಾಡಿನ ತುದಿಯಲ್ಲಿ ಬರುವ ಮಾತುಗಳನ್ನು ಕತ್ತರಿಸುವ ಕೆಲಸ ಅವನದು. ಪ್ರತಿ ಹಾಡು ಮುಗಿದಾಗಲೂ ದೀಪ್ತಿ ಅಜ್ಜಿಗೆ ಏನಾದರೊಂದು ಹೇಳಿ ನಗುತ್ತಿದ್ದಳು. ಅದನ್ನು ಕತ್ತರಿಸಲು ಅವನಿಗೆ ಮನಸ್ಸಾಗಿರಲಿಲ್ಲ, ದಿನವೂ ಕೇಳುತ್ತಿದ್ದ.

"ಅವತ್ತು ಅಜ್ಜಿ ಹಾಡಷ್ಟ ಹೋಗಲಿಲ್ಲರಿ... ನಿಮ್ಮ ನಗಿನೂ ಹೋತು. ನನಗೂ ಸಂಕಟಾಗಿತ್ತು, ಹೇಳ್ಳಿಕ್ಕೆ ಬರಲಿಲ್ಲ."

ಕೆಳಗೆ ಯಾರೋ ಮೈಕ್ ಪರೀಕ್ಷಿಸುತ್ತಿದ್ದರು, ಹಲೋ ಹಲೋ ಎಂದು. ದೀಪ್ತಿ ನಕ್ಕುಬಿಟ್ಟಳು.

ಹಾಡುಗಳು ಒಂದೊಂದಾಗಿ ಏರಿದವು. ಕೊನೆಯದೊಂದು ಉಳಿಯಿತು, ಹೆಸರುಗಳಿದ್ದ ಹಾಡು.

"ಇದನ್ನ ಎಲ್ಲೆ ಇಡೂಣರಿ?" ಕೌಸ್ತುಭ ಮೆಲ್ಲಗೆ ಕೇಳಿದ. "ತಾತ್ಕಾಲಿಕ ಅಂದ್ರ ಹಂಗ ಇಡ್ತೇನಿ. ಹೋದ್ರ ಹೋತು."

"ಬ್ಯಾಡರಿ," ಅಂದಳು ದೀಪ್ತಿ, ಪರದೆಯಿಂದ ಕಣ್ಣು ತೆಗೆಯದೆ. "ಡಿಸ್ಕಿಗೆ ಮೌಂಟ್ ಮಾಡ್ರಿ. ನಾ ಬರೀತೇನಿ, ಈ ಸಲ ನೀವು ನೋಡ್ರಿ."

ಅವನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

ಆ ಹಾಡು ಈಗಲೂ ಅಲ್ಲಿದೆಯಂತೆ, ಆ್ಯಪಿನಲ್ಲಿ ಮಾತ್ರ ಯಾರಿಗೂ ಕಾಣುವುದಿಲ್ಲವಂತೆ. ಮುಂದೆ ನಡೆದ ಅವರ ಮದುವೆಯಲ್ಲಿ ಅಡಿವೆವ್ವ ಅದನ್ನು ಮತ್ತೆ ಹಾಡಿದಳೋ, ಮನೆಯವರು ಏನೆಂದರೋ, ಅದು ನನಗೆ ಗೊತ್ತಿಲ್ಲ.